ಹಲ್ಲು ಕಡಿಯುವ ಸೊಸೆ

ಪೇಸ್ಟಿನ ನೊರೆ ಕೆಂಪಗಾಗಲು ಶುರುವಾಗಿ ವರ್ಷವೇ ಕಳೆದಿತ್ತು. ಬೆಳಿಗ್ಗೆ ಉಗುಳಿದ್ದನ್ನು ನೋಡದೆ ನಲ್ಲಿ ತಿರುಗಿಸಿಬಿಡುವ ಅಭ್ಯಾಸ ಮಾಡಿಕೊಂಡಿದ್ದೆ. ಕಣ್ಣಿಗೆ ಬೀಳದಿದ್ದರೆ ಇಲ್ಲವೆಂದುಕೊಳ್ಳುವ ಜಾಣತನ ನನ್ನದು. ಒಸಡು ಊದಿಕೊಂಡರೆ ಉಪ್ಪುನೀರು ಮುಕ್ಕಳಿಸುವುದು, ನೋವು ಬಂದರೆ ಲವಂಗ ಅದುಮಿಟ್ಟುಕೊಳ್ಳುವುದು, ಎರಡಕ್ಕೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ ನುಂಗುವುದು. ಬೆಂಗಳೂರಿನ ತಿಲಕ್ ನಗರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು ನಾನು. ಬೆಳಗಿನಿಂದ ಸಂಜೆಯವರೆಗೆ ಬಾಯಿ ಆಡಿಸುವುದೇ ನನ್ನ ಕೆಲಸ. ಆ ಬಾಯಿಯೊಳಗೆ ಏನಾಗುತ್ತಿದೆ ಎಂದು ಇಣುಕಿ ನೋಡಲು ಪುರುಸೊತ್ತಿರಲಿಲ್ಲ ಎಂದರೆ ಯಾರೂ ನಂಬಲಾರರು. ಪುರುಸೊತ್ತಿತ್ತು, ಮನಸ್ಸಿರಲಿಲ್ಲ.

ಕೊನೆಗೆ ನೋಡುವಂತೆ ಮಾಡಿದ್ದು ಒಂದು ಸೀಬೆಕಾಯಿ ಹೋಳು. ಶಾಲೆಯ ಗೇಟಿನ ಹೊರಗೆ ತಳ್ಳುಗಾಡಿಯಲ್ಲಿ ಉಪ್ಪು ಖಾರ ಹಚ್ಚಿ ಕೊಡುತ್ತಾರಲ್ಲ, ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದೆವು. ಕಚ್ಚಿದಾಗ ಕೆಳಸಾಲಿನ ಮುಂದಿನ ಹಲ್ಲೊಂದು ಹಿಂದಕ್ಕೆ ವಾಲಿ ಮತ್ತೆ ಮುಂದಕ್ಕೆ ಬಂದಂತಾಯಿತು. ನಾಲಗೆಯಿಂದ ತಳ್ಳಿ ನೋಡಿದೆ. ಅಲ್ಲಾಡಿತು. ಒಂದನೇ ತರಗತಿಯ ಮಕ್ಕಳು ಇಂಥ ಹಲ್ಲನ್ನು ಹೆಮ್ಮೆಯಿಂದ ತೋರಿಸಿಕೊಂಡು ಓಡಾಡುತ್ತಾರೆ. ನಾನು ಸೀಬೆಯ ಹೋಳನ್ನು ಕರವಸ್ತ್ರದಲ್ಲಿ ಮುಚ್ಚಿಟ್ಟುಕೊಂಡು ಸುಮ್ಮನೆ ಕೂತೆ.

ಜೆ.ಪಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಕ್ಲಿನಿಕ್ಕಿದೆ. ನಮ್ಮ ಪುಟ್ಟೇನಹಳ್ಳಿ ಮನೆಗೆ ಹೋಗುವ ದಾರಿಯಲ್ಲೇ. ಎಷ್ಟೋ ವರ್ಷ ಅದರ ಬೋರ್ಡನ್ನು ಬಸ್ಸಿನ ಕಿಟಕಿಯಿಂದ ನೋಡಿಕೊಂಡೇ ಹೋಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದಳು. ಹಲ್ಲುಗಳು ಬೇಸಿಗೆಯಲ್ಲಿ ನೀರು ತಗ್ಗಿದ ಕೆರೆಯೊಳಗಿನ ಕಲ್ಲುಕಂಬಗಳ ಹಾಗೆ ಉದ್ದಕ್ಕೆ ನಿಂತಿದ್ದವು. ಸುತ್ತಲಿನ ಮೂಳೆ ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ.

"ಒಸಡಿನ ಕಾಯಿಲೆ ಮೇಡಂ, ಬಹಳ ದಿನದಿಂದ ಇದೆ. ಹೋಗಿರೋ ಮೂಳೆ ವಾಪಸ್ ತರೋದು ಕಷ್ಟ. ಇರೋದನ್ನ ಉಳಿಸ್ಕೋಬಹುದು. ಒಸಡಿನ ಒಳಗಡೆ ಡೀಪ್ ಕ್ಲೀನಿಂಗ್ ಮಾಡ್ಬೇಕು," ಎಂದಳು.

ನನ್ನ ಬಾಯಿಯನ್ನು ನಾಲ್ಕು ಪಾಲು ಮಾಡಿದರು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ಮೇಲೆರಡು, ಕೆಳಗೆರಡು. ಒಂದೊಂದು ಶನಿವಾರ ಒಂದೊಂದು ಪಾಲು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡಿನ ಕೆಳಗೆ ಸಲಕರಣೆ ಇಳಿಸಿ, ಹಲ್ಲಿನ ಬೇರಿಗೆ ಅಂಟಿಕೊಂಡಿದ್ದ ಕಿಟ್ಟವನ್ನು ಕೆರೆಯುತ್ತಿದ್ದರು. ನೋವು ಗೊತ್ತಾಗುತ್ತಿರಲಿಲ್ಲ, ಆದರೆ ಆ ಸದ್ದು ತಲೆಬುರುಡೆಯ ಒಳಗಿನಿಂದಲೇ ಕೇಳುತ್ತಿತ್ತು. ಬಾಯಿ ತೆರೆದು ತೆರೆದು ದವಡೆ ಬಿದ್ದುಹೋಗುತ್ತಿತ್ತು. ಕಣ್ಣು ಮುಚ್ಚಿಕೊಂಡು ವ್ಯಾಕರಣದ ಪಾಠಗಳನ್ನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೆ. ನನ್ನ ಪಾಠ ಕೇಳಿ ಮಕ್ಕಳಿಗೆ ನಿದ್ದೆ ಬರುತ್ತದಲ್ಲ, ನನಗೂ ಬರಲಿ ಎಂದು. ಬರಲಿಲ್ಲ.

ಎಲ್ಲ ಮುಗಿದ ಮೇಲೆ ಒಸಡಿನ ಊತ ಇಳಿಯಿತು. ರಕ್ತ ನಿಂತಿತು. ಬೆಳಿಗ್ಗೆ ನೊರೆ ಬೆಳ್ಳಗೇ ಇರುವುದನ್ನು ನೋಡಿ ಒಂದು ವಾರ ಖುಷಿಯಾಗಿದ್ದೆ. ಆಮೇಲೆ ದವಡೆ ಶುರುಮಾಡಿತು. ಏಳುತ್ತಲೇ ಕಿವಿಯ ಮುಂದೆ ಸಣ್ಣಗೆ ಹಿಡಿದುಕೊಂಡ ನೋವು, ಕೆನ್ನೆಯ ಸ್ನಾಯು ಕಲ್ಲು. ಆಕಳಿಸಿದರೆ ಲಟಕ್ಕೆನ್ನುತ್ತಿತ್ತು. ಎರಡನೇ ಪೀರಿಯಡ್ಡಿನ ಹೊತ್ತಿಗೆ ಕಣತಲೆ ಸಿಡಿಯುತ್ತಿತ್ತು. ಬೋಂಡಾ ಬಾಯಿಗೆ ಹಿಡಿಯುತ್ತಿರಲಿಲ್ಲ, ಮುರಿದು ತಿನ್ನಬೇಕಾಗಿತ್ತು.

"ಕ್ಲೀನ್ ಮಾಡಿಸ್ಬೇಡಿ, ಹಲ್ಲು ಸಡಿಲ ಆಗುತ್ತೆ ಅಂತ ನಾನು ಬಡ್ಕೊಂಡೆ. ಈಗ ದವಡೇನೂ ಹಾಳು ಮಾಡಿಟ್ರು ನೋಡಿ," ಎಂದರು ಜೊತೆಯ ಹಿಂದಿ ಟೀಚರ್. ನನಗೂ ಅದೇ ಸರಿ ಅನ್ನಿಸಿತು. ಕೋಪ ಮಾಡಿಕೊಳ್ಳಲು ಯಾರಾದರೂ ಸಿಕ್ಕರೆ ನೋವು ಅರ್ಧ ಇಳಿದಂತೆ ನನಗೆ. ಶಾಲೆ ಬಿಟ್ಟವಳೇ ಬಸ್ಸು ಹತ್ತಿ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು, ಜಗಳಕ್ಕೆಂದೇ ಬೇಕರಿಯ ಮೆಟ್ಟಿಲು ಹತ್ತಿದೆ.

ಡಾಕ್ಟರು ಜಗಳಕ್ಕೆ ಜಾಗವನ್ನೇ ಕೊಡಲಿಲ್ಲ. ನನ್ನ ಮಾತೆಲ್ಲ ಕೇಳಿಸಿಕೊಂಡು, ಎರಡೂ ಕೆನ್ನೆಗಳ ಮೇಲೆ ಬೆರಳಿಟ್ಟು, "ಹಲ್ಲು ಕಚ್ಚಿ" ಎಂದಳು. ಬೆರಳಿನಡಿ ಸ್ನಾಯು ಉಬ್ಬಿತು. ಅಲ್ಲೇ ಒತ್ತಿದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಕೈಗನ್ನಡಿ ಕೊಟ್ಟು ಹಲ್ಲಿನ ತುದಿಗಳನ್ನು ತೋರಿಸಿದಳು. ಕೋರೆಹಲ್ಲು ಕೋರೆಯಾಗಿರಲಿಲ್ಲ. ಎಲ್ಲವೂ ಅರ ಹಾಕಿ ಉಜ್ಜಿದಂತೆ ಒಂದೇ ಮಟ್ಟಕ್ಕೆ ಚಪ್ಪಟೆಯಾಗಿದ್ದವು.

"ಮೇಡಂ, ರಾತ್ರಿ ನಿದ್ದೇಲಿ ನೀವು ಹಲ್ಲು ಕಡೀತೀರ ಅಂತ ಮನೇಲಿ ಯಾರಾದ್ರೂ ಹೇಳಿದ್ದಾರಾ?"

"ಇಲ್ಲ," ಎಂದೆ. ನಿಜವನ್ನೇ ಹೇಳಿದ್ದೆ. ಯಾರೂ ಯಾವತ್ತೂ ಹೇಳಿರಲಿಲ್ಲ. ಆದರೆ ಆ ‘ಇಲ್ಲ’ ಎಷ್ಟು ಬೇಗ ಬಾಯಿಂದ ಹೊರಬಿತ್ತೆಂದರೆ ಆಕೆ ನನ್ನ ಮುಖವನ್ನೇ ನೋಡಿದಳು.

"ಯಾರೂ ಹೇಳ್ದೇ ಇದ್ರೂ ನಿಮ್ಮ ಹಲ್ಲೇ ಹೇಳ್ತಿದೆ. ಒಸಡಿನ ಕಾಯಿಲೆ ಇದರಿಂದ ಬಂದಿದ್ದಲ್ಲ. ಆದ್ರೆ ಬುಡ ಸಡಿಲ ಆಗಿರೋ ಕಂಬಾನ ದಿನಾ ರಾತ್ರಿ ಯಾರೋ ಹಿಡ್ಕೊಂಡು ಅಲ್ಲಾಡಿಸಿದ್ರೆ ಅದು ನಿಲ್ಲುತ್ತಾ? ನಾನು ಬುಡ ಭದ್ರ ಮಾಡ್ತಾ ಇದ್ದೀನಿ, ನೀವು ಅಲ್ಲಾಡಿಸ್ತಾ ಇದ್ದೀರ. ಬಾಯಿ ತುಂಬಾ ಹೊತ್ತು ತೆರೆದಿದ್ರೆ ಒಂದಷ್ಟು ದಿನ ದವಡೆ ನೋಯುತ್ತೆ, ಹೋಗುತ್ತೆ. ಇದು ಅದಲ್ಲ. ಇದು ಮುಂಚಿಂದ್ಲೂ ಇದ್ದಿದ್ದೇ. ಒಸಡಿನ ನೋವು ಜೋರಾಗಿತ್ತಲ್ಲ, ಅದರ ಮಧ್ಯೆ ನಿಮಗೆ ಗೊತ್ತಾಗಿಲ್ಲ ಅಷ್ಟೆ. ಒಸಡು ಸರಿಹೋಯ್ತು, ದವಡೆ ಕಾಣಿಸ್ಕೊಳ್ತು."

ಮನೆಯಲ್ಲಿ ಏನಾದರೂ ಟೆನ್ಷನ್ ಇದೆಯೇ ಎಂದು ಕೇಳಿದಳು. ಎಲ್ಲರ ಮನೆಯಲ್ಲೂ ಇರುವಷ್ಟೇ ಎಂದೆ. ಬಾಯಿಗೆ ಕಣಕದಂಥ ಹಿಟ್ಟು ತುಂಬಿ ಹಲ್ಲಿನ ಅಚ್ಚು ತೆಗೆದುಕೊಂಡಳು. ಮುಂದಿನ ವಾರ ಅದೇ ಆಕಾರದ ಪಾರದರ್ಶಕ ಪ್ಲಾಸ್ಟಿಕ್ ಕವಚವೊಂದನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕೊಟ್ಟಳು. ರಾತ್ರಿ ಮಲಗುವಾಗ ಮೇಲಿನ ಹಲ್ಲಿಗೆ ಹಾಕಿಕೊಳ್ಳಬೇಕು, ಬೆಳಿಗ್ಗೆ ತೊಳೆದಿಡಬೇಕು. ಹಾಕಿಕೊಂಡರೆ ಮುಂದಿನ ಹಲ್ಲು ಉಳಿಯುವ ಆಸೆಯಿದೆ, ಇಲ್ಲದಿದ್ದರೆ ಒಂದೊಂದಾಗಿ ಹೋಗುತ್ತವೆ ಎಂದಳು.

ಅಷ್ಟೇ ತಾನೆ, ಹಾಕಿಕೊಂಡು ಮಲಗುವುದಕ್ಕೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ನಾನು ಆ ಡಬ್ಬಿಯನ್ನು ಶಾಲೆಯ ಬ್ಯಾಗಿನ ತಳದಲ್ಲಿ, ಉತ್ತರಪತ್ರಿಕೆಗಳ ಕೆಳಗೆ ತುರುಕಿ ಜಿಪ್ ಎಳೆದೆ. ಯಾಕೆಂದರೆ ನಾನು ಮಲಗುವ ಕೋಣೆಯಲ್ಲಿ ನಮ್ಮ ಅತ್ತೆಯೂ ಮಲಗುತ್ತಾರೆ.

ಅತ್ತೆಯ ಮನೆಯವರು ಪುಟ್ಟೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿರುವವರು. ಹೊಲವಿದ್ದಲ್ಲಿ ಈಗ ಮೂರಂತಸ್ತಿನ ಮನೆ, ಮೇಲೆಲ್ಲ ಬಾಡಿಗೆಯವರು. ಹೊಲ ಹೋದರೂ ಅತ್ತೆಯ ತಲೆಯೊಳಗಿನ ಹಳ್ಳಿ ಹೋಗಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇಬ್ಬರೂ ಅವರೆಕಾಳು ಹಿತುಕುತ್ತ ಕೂತಿದ್ದಾಗ ಅವರೊಂದು ಕಥೆ ಹೇಳಿದ್ದರು. ಅವರ ತವರಿನ ಬೀದಿಯಲ್ಲಿ ಒಬ್ಬ ಸೊಸೆಯಿದ್ದಳಂತೆ. ನೋಡಲು ಲಕ್ಷಣ, ಕೆಲಸದಲ್ಲಿ ಚುರುಕು. ಆದರೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು. ಹಾಗೆ ಕಡಿಯುವ ಹೆಂಡತಿಯಿಂದ ಗಂಡನ ಆಯಸ್ಸು ಸವೆಯುತ್ತದೆ ಎಂದು ಅವರ ಕಡೆಯ ನಂಬಿಕೆ. ಮೊದಲು ನಗುತ್ತಿದ್ದರಂತೆ. ಗಂಡ ಗಟ್ಟಿಮುಟ್ಟಾಗಿದ್ದವನು ಬಾವಿ ಕಟ್ಟೆಯಲ್ಲಿ ಕುಸಿದು ಸತ್ತ ಮೇಲೆ ಯಾರೂ ನಗಲಿಲ್ಲ. ತಿಥಿ ಮುಗಿದ ಮಾರನೆಯ ದಿನವೇ ಅವಳನ್ನು ತವರಿಗೆ ಕಳಿಸಿದರು. ಅತ್ತೆ ಇದನ್ನು ಹೇಳುವಾಗ ದನಿಯಲ್ಲಿ ಕೋಪವಿರಲಿಲ್ಲ, ಮಳೆ ಬಂತು ಎಂದು ಹೇಳಿದಂತೆ ಹೇಳಿದ್ದರು. ನಾನು ಆಗ ತಾನೇ ಬಿ.ಎಡ್. ಮುಗಿಸಿದ್ದವಳು, ಒಳಗೊಳಗೇ ನಕ್ಕಿದ್ದೆ.

ನಮ್ಮವರು ಹೋಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ನೀರಿನ ಮೋಟರ್ ಹಾಕಲು ಸಂಪಿನ ಹತ್ತಿರ ಹೋದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಹೃದಯ ಎಂದರು. ಬೀಡಿ ಸೇದುತ್ತಿದ್ದರು, ಸಕ್ಕರೆ ಕಾಯಿಲೆಯಿತ್ತು, ಮಾತ್ರೆ ನುಂಗಿ ಎಂದರೆ ನಾಳೆ ಎನ್ನುತ್ತಿದ್ದರು. ಕಾರಣ ಬೇಕಾದಷ್ಟಿತ್ತು. ಹನ್ನೊಂದರ ಕಾರ್ಯ ಮುಗಿದ ಮೇಲೆ ಅತ್ತೆಯೇ ತಮ್ಮ ಹಾಸಿಗೆಯನ್ನು ನನ್ನ ಕೋಣೆಗೆ ಹಾಕಿಸಿಕೊಂಡರು. ರಾತ್ರಿ ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಲು ಒಬ್ಬರು ಬೇಕಿತ್ತು, ನನಗೂ ಖಾಲಿ ಕೋಣೆಯ ಭಯವಿತ್ತು. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಮನೆಯಲ್ಲಿ ನಾವಿಬ್ಬರೇ.

ಆ ಎರಡು ವರ್ಷದಲ್ಲಿ ನಮ್ಮ ನಡುವೆ ಒಂದು ಬಗೆಯ ಸಲಿಗೆ ಬೆಳೆದಿತ್ತು. ಅವರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಅವರು ನನ್ನ ಶಾಲೆಯ ಜಗಳಗಳನ್ನೆಲ್ಲ ಕೇಳಿ ಯಾರದು ತಪ್ಪು ಎಂದು ತೀರ್ಪು ಕೊಡುತ್ತಿದ್ದರು. ಅವರ ಮಗನ ಮಾತು ಬಂದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ಗಂಡ ಹೋದ ಮೇಲೆ ಅತ್ತೆಯ ಪ್ರೀತಿ ಉಳಿಯುವುದು ಎಷ್ಟು ಮನೆಗಳಲ್ಲಿ ಉಂಟು? ನನಗೆ ಉಳಿದಿತ್ತು. ಹಲ್ಲಿಗೆ ಕವಚ ಹಾಕಿಕೊಂಡು ಅವರ ಪಕ್ಕ ಮಲಗಿದರೆ ಅದೇನು ಎಂದು ಕೇಳುತ್ತಾರೆ. ಹೇಳಬೇಕಾಗುತ್ತದೆ. ಹೇಳಿದರೆ ಅವರಿಗೆ ಬಾವಿ ಕಟ್ಟೆಯೂ ಸಂಪಿನ ಕಟ್ಟೆಯೂ ಒಂದೇ ಆಗಿ ಕಾಣುತ್ತದೆ. ಮೂಢನಂಬಿಕೆ ಎಂದು ಬೋರ್ಡಿನ ಮೇಲೆ ಬರೆದು ಪ್ರಬಂಧ ಬರೆಸುವವಳು ನಾನು. ಆದರೂ ನನ್ನ ಮಗನನ್ನು ನೀನು ತಿಂದೆ ಎನ್ನುವ ಕಣ್ಣಿನಿಂದ ಅವರು ಒಂದು ಸಲ ನೋಡಿದರೆ ನಾನು ತಡೆದುಕೊಳ್ಳಲಾರೆ ಎಂದು ಗೊತ್ತಿತ್ತು. ಹಲ್ಲು ಹೋದರೆ ಹೋಗಲಿ ಎಂದುಕೊಂಡೆ.

ಅತ್ತೆಗೆ ಇಷ್ಟು ದಿನ ನನ್ನ ಸದ್ದು ಕೇಳಿಸಿಲ್ಲವೇ ಎಂಬ ಯೋಚನೆಯೂ ಬಂತು. ವಯಸ್ಸಾಗಿದೆ, ಕಿವಿ ಮಂದವಾಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಪಕ್ಕದ ಮನೆಯ ಕುಕ್ಕರಿನ ವಿಷಲ್ ಕೇಳಿ ಅವರ ಮನೆಯಲ್ಲಿ ಇವತ್ತು ಬೇಳೆಯೋ ಅನ್ನವೋ ಎಂದು ಹೇಳುವ ಹೆಂಗಸಿನ ಕಿವಿಯನ್ನು ಮಂದ ಎಂದುಕೊಂಡೆ. ಬೇಕಾದ್ದನ್ನು ನಂಬುವುದರಲ್ಲಿ ನಾನೂ ಅವರಿಗೇನು ಕಡಿಮೆಯಿರಲಿಲ್ಲ.

ಕವಚ ಬ್ಯಾಗಿನಲ್ಲೇ ಶಾಲೆಗೆ ಹೋಗಿ ಬ್ಯಾಗಿನಲ್ಲೇ ಮನೆಗೆ ಬರುತ್ತಿತ್ತು. ನಾನು ನನ್ನದೇ ಉಪಾಯ ಮಾಡಿಕೊಂಡೆ. ಮಲಗುವ ಮುಂಚೆ ಕೆನ್ನೆಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುವುದು, ಯಾವುದನ್ನೂ ಯೋಚಿಸಬಾರದು ಎಂದು ದೇವರ ನಾಮ ಹೇಳಿಕೊಳ್ಳುವುದು. ಬೆಳಿಗ್ಗೆ ದವಡೆ ಹಾಗೇ ಬಿಗಿದುಕೊಂಡಿರುತ್ತಿತ್ತು. ಹಗಲಿನಲ್ಲೂ ಗಮನಿಸತೊಡಗಿದೆ. ಬಸ್ಸಿಗೆ ಕಾಯುವಾಗ, ನೋಟ್ಸ್ ತಿದ್ದುವಾಗ, ಬಾಡಿಗೆಯವರು ನೀರು ಬರುತ್ತಿಲ್ಲ ಎಂದು ಬಾಗಿಲು ಬಡಿದಾಗ, ನನಗೇ ತಿಳಿಯದಂತೆ ಮೇಲಿನ ಹಲ್ಲು ಕೆಳಗಿನದನ್ನು ಅಮುಕಿಕೊಂಡಿರುತ್ತಿತ್ತು. ಬಿಡಿಸಿದರೆ ಮತ್ತೆ ಹೋಗಿ ಕೂರುತ್ತಿತ್ತು. ನಮ್ಮವರು ಹೋದಾಗ ನಾನು ಹೆಚ್ಚು ಅಳಲಿಲ್ಲ ಎಂದು ನೆಂಟರೆಲ್ಲ ಮೆಚ್ಚಿಕೊಂಡಿದ್ದರು, ಗಟ್ಟಿಗಿತ್ತಿ ಎಂದಿದ್ದರು.

ಒಂದು ದಿನ ಮೂರನೇ ತರಗತಿಗೆ ಪದ್ಯ ಓದಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಮಿಸ್, ನಿಮ್ ಹಲ್ಲು ಅಲ್ಲಾಡ್ತಾ ಇದೆ."

ತರಗತಿ ನಕ್ಕಿತು. ನಾನೂ ನಗಲು ನೋಡಿದೆ, ಕೈ ಬಾಯಿಗೆ ಅಡ್ಡ ಹೋಯಿತು. ಆ ದಿನದಿಂದ ಸೆರಗಿನ ತುದಿಯನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಪಾಠ ಮಾಡತೊಡಗಿದೆ. ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುತ್ತಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಕರೆದು ಹೇಳಿದರು.

ಮನೆಯಲ್ಲಿ ಚಪಾತಿ ಬಿಟ್ಟೆ, ರೊಟ್ಟಿ ಬಿಟ್ಟೆ. ಮುದ್ದೆಯೇ ಗತಿಯಾಯಿತು. ಮುದ್ದೆಯನ್ನು ಅಗಿಯಬೇಕಿಲ್ಲ, ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಅತ್ತೆಗೆ ಒಂದೂ ಹಲ್ಲಿಲ್ಲ, ಕಟ್ಟಿಸಿದ ಸೆಟ್ಟನ್ನು ಅವರು ಹಬ್ಬದ ಸೀರೆಯಂತೆ ಎತ್ತಿಟ್ಟಿದ್ದಾರೆ. ಹೀಗಾಗಿ ಇಬ್ಬರದೂ ಒಂದೇ ಊಟ. ಅವತ್ತು ಭಾನುವಾರ ಮಧ್ಯಾಹ್ನ, ಬಸ್ಸಾರು ಮಾಡಿದ್ದೆ. ಪಲ್ಯದ ಕಾಳನ್ನು ನಾನು ತಟ್ಟೆಯ ಅಂಚಿಗೆ ಸರಿಸುತ್ತಿದ್ದುದನ್ನು ಅತ್ತೆ ನೋಡುತ್ತಿದ್ದರು.

"ಕಾಳೂ ತಿನ್ನಕ್ಕಾಗಲ್ವಾ?"

"ದವಡೆ ನೋವು ಅತ್ತೆ. ಒಸಡು ಕ್ಲೀನ್ ಮಾಡ್ಸಿದ್ನಲ್ಲ, ಅದಕ್ಕೆ."

ಅವರು ಒಂದು ತುತ್ತು ನುಂಗಿ ನೀರು ಕುಡಿದರು. "ಅದ್ಕಲ್ಲ ಕಣಮ್ಮ. ರಾತ್ರಿ ಹಲ್ಲು ಕಡೀತೀಯಲ್ಲ, ಅದ್ಕೆ. ಈಚೀಚೆಗೆ ಜಾಸ್ತಿ ಆಗೈತೆ."

ನನ್ನ ಕೈ ಸಾರಿನಲ್ಲೇ ನಿಂತಿತು. ಏನೋ ಒಂದು ಕೇಳಬೇಕಲ್ಲ ಎಂದು, "ನಿಮಗೆ ಯಾವಾಗಿಂದ ಗೊತ್ತು?" ಎಂದೆ.

"ಸದ್ದು ನೀನು ಬಂದ ವರ್ಸದಿಂದ್ಲೂ ಕೇಳ್ತಿತ್ತು. ನಿಮ್ ರೂಮಲ್ಲಿ ಅವ್ನು ಚಳೀಲೂ ಫ್ಯಾನ್ ಹಾಕ್ತಿದ್ನಲ್ಲ, ನಂಗೆ ಕೇಳಿಸ್ಬಾರ್ದು ಅಂತ. ಫ್ಯಾನ್ ಹಾಕುದ್ರೂ ಕೇಳಿಸ್ತಿತ್ತು. ಒಂದಿನ ತಡೀನಾರ್ದೆ ಕೇಳೇಬುಟ್ಟೆ, ಏನಪ್ಪ ನಿನ್ ಎಂಡ್ತಿ ಹಲ್ಲು ಕಡೀತಾಳಾ ಅಂತ. ಅವಳಲ್ಲ ಕಣವ್ವ, ಕಡಿಯೋದು ನಾನು ಅಂದ."

ಮುದ್ದೆಯನ್ನು ಮತ್ತೊಂದು ಸಲ ಮುರಿದರು. "ನಂಬಿದ್ದೆ. ಅವ್ನು ಹೋದ್ಮೇಲೆ ನಾನು ನಿನ್ ಪಕ್ಕ ಬಂದು ಮಲಿಕ್ಕಂಡ್ನಲ್ಲ, ಆಗ ಗೊತ್ತಾಯ್ತು."

ಇನ್ನೇನೋ ಹೇಳುತ್ತಾರೆ ಎಂದು ಕಾದೆ. ಅವರು ತಟ್ಟೆಯಲ್ಲೇ ಕೈ ತೊಳೆದು, ಗೋಡೆ ಹಿಡಿದುಕೊಂಡು ಎದ್ದು, ನಡುಮನೆಯ ಕುರ್ಚಿಗೆ ಹೋಗಿ ಕೂತರು.

ಪಾತ್ರೆ ತೊಳೆಯುತ್ತ ನಿಂತಾಗ ಆ ಫ್ಯಾನಿನ ಜಗಳಗಳೆಲ್ಲ ಒಂದೊಂದಾಗಿ ನೆನಪಾದವು. ಡಿಸೆಂಬರಿನ ಚಳಿಯಲ್ಲಿ ಮೂಲೆಯ ಟೇಬಲ್ ಫ್ಯಾನು ಗೋಡೆಯ ಕಡೆ ಮುಖ ಮಾಡಿ ಗರಗರ ತಿರುಗುತ್ತಿರುತ್ತಿತ್ತು. ಗಾಳಿ ಬೇಡ ಎಂದರೆ, ಗಾಳಿ ನಿನಗೆ ತಾಗಲ್ವಲ್ಲ ಎನ್ನುತ್ತಿದ್ದರು. ಕರೆಂಟ್ ದಂಡ ಎಂದರೆ, ಸದ್ದಿಲ್ದಿದ್ರೆ ನಿದ್ದೆ ಬರಲ್ಲ ಎನ್ನುತ್ತಿದ್ದರು. ಹಟಮಾರಿ, ಹೆಂಡತಿಗೆ ಚಳಿಯಾದರೂ ಅಡ್ಡಿಯಿಲ್ಲದ ಗಂಡಸು ಎಂದು ತಂಗಿಯ ಹತ್ತಿರ, ಸ್ಟಾಫ್ ರೂಮಿನಲ್ಲಿ, ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಒಂದು ಸಲ ಕೋಪದಲ್ಲಿ ಪ್ಲಗ್ ಕಿತ್ತೆಸೆದಿದ್ದೆ. ಆ ಮನುಷ್ಯ ಎದ್ದು ಹೋಗಿ ಮತ್ತೆ ಹಾಕಿ ಬಂದು ಮಲಗಿದ್ದರು. ತಮ್ಮ ತಾಯಿಗೆ ಸುಳ್ಳು ಹೇಳಿ ನನ್ನನ್ನು ಉಳಿಸಿದ್ದವರು ನನಗೂ ಅದನ್ನು ಹೇಳಲಿಲ್ಲ. ಹೇಳಿದ್ದರೆ ನನ್ನ ಹಲ್ಲು ಉಳಿಯುತ್ತಿತ್ತೋ ಏನೋ. ಹೇಳಿದ್ದರೆ ನಾನು ನಿದ್ದೆ ಮಾಡದೆ ಕೂತಿರುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು. ಅವರು ಸತ್ತಾಗ ಬಾರದ ಅಳು ಆ ಸಿಂಕಿನ ಮುಂದೆ ಬಂತು. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮರುದಿನವೇ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಸಲಕರಣೆಯ ಹಿಡಿಕೆಯಿಂದ ಮುಂದಿನ ಹಲ್ಲನ್ನು ಮುಟ್ಟಿದಳು. ಅದು ಎಲ್ಲ ಕಡೆಗೂ ಹೋಯಿತು.

"ಕವಚ ಹಾಕ್ಕೊಳ್ತಿದ್ದೀರಾ ಮೇಡಂ?"

"ಇಲ್ಲ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಹಲ್ಲು ಇನ್ನು ನಿಲ್ಲಲ್ಲ. ಪಕ್ಕದ್ದನ್ನ ಉಳಿಸ್ಕೊಳ್ಳೋಣ. ಇವತ್ತಿಂದಾದ್ರೂ ಹಾಕ್ಕೊಳ್ಳಿ. ಮೊದಮೊದಲು ಸಂಜೆ ಹೊತ್ತು ಸ್ವಲ್ಪ ಸ್ವಲ್ಪ ಹಾಕ್ಕೊಂಡು ಅಭ್ಯಾಸ ಮಾಡ್ಕೊಳ್ಳಿ, ರಾತ್ರಿ ಕಷ್ಟ ಆಗಲ್ಲ," ಎಂದಳು. ಹಲ್ಲು ಕೀಳಲು ಬಲ ಬೇಕಾಗಲಿಲ್ಲ. ತಟ್ಟೆಗೆ ಬಿದ್ದ ಸದ್ದೂ ಕೇಳಿಸಲಿಲ್ಲ. ಕೆಳಗೆ ಬಂದಾಗ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲಿ ಮಹಿಳೆಯರ ಸೀಟಿನಲ್ಲಿ ಕೂತು ಮನೆಗೆ ಬಂದೆ.

ಬಾಯಿ ಒಂದಿಷ್ಟು ಮಾಗಿದ ಮೇಲೆ ಒಂದು ಸಂಜೆ ಡಬ್ಬಿಯನ್ನು ಹೊರಗೆ ತೆಗೆದೆ. ಅತ್ತೆ ಧಾರಾವಾಹಿ ನೋಡುತ್ತಿದ್ದರು, ಜಾಹೀರಾತು ಬಂದಿತ್ತು. ಅವರ ಪಕ್ಕದಲ್ಲೇ ಕೂತು ಕವಚವನ್ನು ನೀರಿನಲ್ಲಿ ತೊಳೆದೆ. ಅವರು ಕೈ ಚಾಚಿದರು. ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು, ಬೆಳಕಿಗೆ ಅಡ್ಡ ಹಿಡಿದು, ಬೆರಳಿನಿಂದ ಒಳಗಿನ ಗುಳಿಗಳನ್ನು ಒಂದೊಂದಾಗಿ ಸವರಿದರು.

"ಏನಿದು?"

"ರಾತ್ರಿ ಹಲ್ಲಿಗೆ ಹಾಕ್ಕೊಳ್ಳೋದು ಅತ್ತೆ. ಡಾಕ್ಟ್ರು ಕೊಟ್ಟಿದ್ದಾರೆ."

"ಇದು ಹಾಕ್ಕಂಡ್ರೆ ಕಡಿಯಕ್ಕಾಗಲ್ವಾ?"

"ಕಡಿದ್ರೂ ಹಲ್ಲಿಗೆ ಹಲ್ಲು ತಾಗಲ್ಲ."

ಅವರು ಟಿ.ವಿ.ಯ ಕಡೆ ನೋಡಿದರು. ಧಾರಾವಾಹಿ ಮತ್ತೆ ಶುರುವಾಗಿತ್ತು. ಕವಚ ಅವರ ಮಡಿಲಲ್ಲೇ ಇತ್ತು.

"ಆಗ ಸಿಕ್ತಿರ್ಲಿಲ್ವಾ ಇದು?"

"ಯಾವಾಗ?"

"ಅವ್ನು ಇದ್ದಾಗ."

ಸಿಗುತ್ತಿತ್ತು. ಆ ಬೋರ್ಡು ನನ್ನ ಬಸ್ಸಿನ ದಾರಿಯಲ್ಲೇ ಇತ್ತು. ಜಯನಗರದಲ್ಲಿ ಬೀದಿಗೊಂದು ಹಲ್ಲಿನ ಡಾಕ್ಟರಿದ್ದಾರೆ. ಹಲ್ಲಿಗೂ ಹೃದಯಕ್ಕೂ ಇಂಥ ಸಂಬಂಧವಿಲ್ಲ ಅತ್ತೆ, ಅವರು ಹೋಗಿದ್ದು ಸಕ್ಕರೆಯಿಂದ, ಬೀಡಿಯಿಂದ ಎಂದು ಪಾಠ ಮಾಡಬಹುದಿತ್ತು. ಅವರು ಕೇಳುತ್ತಿದ್ದುದು ಪಾಠವಲ್ಲ. ಎಂಬತ್ತು ದಾಟಿದ ತಾಯಿ, ಇಷ್ಟು ಸಣ್ಣ ಪ್ಲಾಸ್ಟಿಕ್ಕಿನಿಂದ ಮಗ ಉಳಿಯುತ್ತಿದ್ದನೇ ಎಂದು ಕೇಳುತ್ತಿದ್ದರು.

"ಇಲ್ಲ ಅತ್ತೆ, ಆಗ ಸಿಕ್ತಿರ್ಲಿಲ್ಲ. ಈಗೀಗ ಬಂದಿದ್ದು," ಎಂದೆ.

ಅವರು ನನ್ನ ಕೈ ಹುಡುಕಿ, ಕವಚವನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದರು. ಅವರ ಕೈ ಬೆಚ್ಚಗಿತ್ತು.

"ಅಂಗಾದ್ರೆ ನಿನ್ ತಪ್ಪಿಲ್ಲ ಬುಡವ್ವ," ಎಂದರು.

ಅವರ ಮಟ್ಟಿಗೆ ಅದು ಕ್ಷಮೆ. ನನಗೆ ಆ ಎರಡು ವರ್ಷಗಳ ಊಟ, ಎಣ್ಣೆಸ್ನಾನ, ಶಾಲೆಯ ಕಥೆ ಕೇಳಿ ಕೊಟ್ಟ ತೀರ್ಪುಗಳು ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಅಷ್ಟೂ ದಿನ, ಪ್ರತಿ ರಾತ್ರಿ ನನ್ನ ಸದ್ದು ಕೇಳುತ್ತ, ಮಗನ ಆಯಸ್ಸು ಸವೆಸಿದ್ದು ನಾನೇ ಎಂದು ನಂಬಿಕೊಂಡೇ ಅವರು ನನ್ನ ಪಕ್ಕ ಮಲಗಿದ್ದರು. ಬೆಳಿಗ್ಗೆ ಎದ್ದು ನನ್ನ ಕೈಯಿಂದ ಕಾಫಿ ಇಸಿದುಕೊಂಡಿದ್ದರು. ತವರಿಗೆ ಹೋಗು ಎಂದಿರಲಿಲ್ಲ. ಅದನ್ನು ಪ್ರೀತಿ ಎನ್ನಬೇಕೋ ಬೇರೆ ದಾರಿಯಿಲ್ಲದ ಮುಪ್ಪು ಎನ್ನಬೇಕೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಕವಚವನ್ನು ಬಾಯಿಗೆ ಹಾಕಿಕೊಂಡು, ಅದು ಸರಿಯಾಗಿ ಕೂರುವವರೆಗೆ ಹೆಬ್ಬೆರಳಿನಿಂದ ಒತ್ತಿ, ಅವರ ಪಕ್ಕದಲ್ಲೇ ಕೂತು ಧಾರಾವಾಹಿ ನೋಡಿದೆ.